ಹಾಲಿನಕ್ಕನ ಕುರುಡು ಕರು

ಕಳೆದ ವಾರ ಪೀಣ್ಯದ ನಮ್ಮ ಕಾರ್ಖಾನೆಯ ಮುಂದೆ ಯಂತ್ರದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಆ ಹಸಿ ವಾಸನೆಗೆ ಹಾಲಿನಕ್ಕ ನೆನಪಾದರು. ಹಿಂದೆ ನಾನು ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆಗಿದ್ದಾಗ, ಪಕ್ಕದ ಶೀಟಿನ ಕೊಟ್ಟಿಗೆ ಅವರದು.

ಕೆರೆಯಂಚಿಗೆ ಬೇಲಿ ಹಾಕಿದ ಮೇಲೆ ಅವರ ಹಸುಗಳು ಖಾಲಿ ಸೈಟುಗಳಲ್ಲಿ ಮೇಯುತ್ತಿದ್ದವು. ಆ ಸೈಟುಗಳಲ್ಲೂ ಕಟ್ಟಡಗಳೆದ್ದವು. ಆಮೇಲೆ ಬರೀ ಒಣಹುಲ್ಲು, ಬೂಸಾ...

ಒಂದು ಬೇಸಿಗೆಯ ಮುಸ್ಸಂಜೆ, ಗಬ್ಬದಲ್ಲಿದ್ದ ಕೆಂಪು ಹಸು ದಾರಿಯಲ್ಲಿ ನಿಲ್ಲಿಸಿದ್ದ ಬೈಕಿಗೆ ಹೋಗಿ ಗುದ್ದಿತು. ಮರುದಿನ ಗೋಡೆಗೆ. ಹಗಲಲ್ಲಿ ಮಾತ್ರ ಸರಿಯಾಗಿಯೇ ನಡೆಯುತ್ತಿತ್ತು. ಕೆಲವೇ ದಿನಗಳಲ್ಲಿ ಕರು ಹಾಕಿತು. ಕರುವಿನ ಕಣ್ಣು ತೆರೆದಿತ್ತು; ಆದರೆ ಅದಕ್ಕೆ ಏನೂ ಕಾಣುತ್ತಿರಲಿಲ್ಲ.

ದನದ ಡಾಕ್ಟರು ಬಂದರು. "ಹಸಿರು ಮೇವೇ ಇಲ್ವಲ್ಲಮ್ಮ. ವಿಟಮಿನ್ ಎ ಅದರಿಂದಾನೇ ಬರೋದು. ಲಿವರ್‌ನಲ್ಲಿ ಉಳಿದಿದ್ದೂ ಖಾಲಿಯಾಗಿದೆ," ಎನ್ನುತ್ತ ತಾಯಿಗೆ ಇಂಜೆಕ್ಷನ್ ಕೊಟ್ಟರು. "ಇದರ ಕಣ್ಣು ಸರಿಹೋಗುತ್ತೆ. ಕರೂದು ಬರಲ್ಲ."

ಅಕ್ಕ ಅಳಲಿಲ್ಲ. ಕರುವಿನ ಮೂತಿ ಹಿಡಿದು ಕೆಚ್ಚಲಿಗೆ ಹಚ್ಚಿದರು. ಕುರುಡು ಕರು ಯಾಕೆ ಸಾಕುತ್ತೀಯೆಂದು ಕೇಳಿದವರಿಗೆ, "ತಾಯಿಗೆ ಒಣಗಿದ್ದು ಆಕಿದ್ದು ನಾನು. ಇದೇನ್ ಮಾಡ್ತು?" ಎಂದಷ್ಟೇ ಹೇಳಿದರು.

ಮರುದಿನವೇ ಹತ್ತಿರದ ಐಟಿ ಪಾರ್ಕಿನ ಗೇಟಿಗೆ ಹೋದರು. ಸೆಕ್ಯುರಿಟಿಯವನು ಒಳಗೆ ಬಿಡಲಿಲ್ಲ. ತೋಟದ ಮಾಲಿ ಹೊರಗೆ ಬರುವವರೆಗೂ ಅಲ್ಲೇ ನಿಂತರು.

"ಅಣ್ಣಾ, ಕುಯ್ದ ಉಲ್ಲು ಕಸದ ಗಾಡಿಗೆ ತಾನೇ ಓಗೋದು? ನಮ್ ಅಸೀಗ್ ಕೊಡಿ."

"ತಗೊಂಡೋಗಿ ಅಕ್ಕ. ಔಷಧಿ ಹೊಡ್ದಿದ್ರೆ ಮಾತ್ರ ಕೊಡಲ್ಲ," ಎಂದನಂತೆ ಮಾಲಿ.

ಅಂದಿನಿಂದ ಐಡಿ ಕಾರ್ಡು ಹಾಕಿಕೊಂಡವರ ನಡುವೆ ಅಕ್ಕ ತಲೆಯ ಮೇಲೆ ಚೀಲ ಹೊತ್ತು ಬರುತ್ತಿದ್ದರು. ಚೀಲದೊಳಗೆ ಹುಲ್ಲು ಬಿಸಿಯಾಗಿ ಕೆಡುವ ಮುಂಚೆ ಹರಡಬೇಕೆಂದು ಓಡುನಡಿಗೆ.

ಕೆಂಪು ಹಸು ಮುಸ್ಸಂಜೆಯಲ್ಲೂ ದಾರಿ ತಪ್ಪದಾಯಿತು. ಮತ್ತೆ ಗಬ್ಬವಾಗಿ ಇನ್ನೊಂದು ಕರು ಹಾಕಿದ ಬೆಳಿಗ್ಗೆ ಅಕ್ಕ ನನ್ನನ್ನು ಕೂಗಿ ಕರೆದರು. ಕರುವಿನ ಮುಂದೆ ಸೆರಗಿನ ತುದಿ ಆಡಿಸಿದರು. ಕರು ತಲೆ ತಿರುಗಿಸಿ ಅದನ್ನೇ ನೋಡಿತು.

"ಕಾಣ್ತೈತೆ! ನೋಡು, ಇದಕ್ಕೆ ಕಾಣ್ತೈತೆ!" ಎನ್ನುತ್ತ ಕೊಟ್ಟಿಗೆಯ ನೆಲದಲ್ಲೇ ಕುಳಿತು ಅತ್ತುಬಿಟ್ಟರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಕೆಲಸ ಬದಲಾಗಿ ನಾನು ಬಾಗಲಗುಂಟೆಗೆ ಬಂದೆ. ಮೊನ್ನೆ ಭಾನುವಾರ ಅಗ್ರಹಾರಕ್ಕೆ ಹೋಗಿ ನೋಡಿದರೆ ಕೊಟ್ಟಿಗೆಯಿದ್ದಲ್ಲಿ ಪಿಜಿ ಕಟ್ಟಡವಿದೆ. ಅಕ್ಕ ಹೋದ ವರ್ಷ ತೀರಿಕೊಂಡರೆಂದು ಎದುರಿನ ಅಂಗಡಿಯವರು ಹೇಳಿದರು. ಅದಕ್ಕೂ ಮೊದಲೇ ಹಸುಗಳನ್ನೆಲ್ಲ ಮಾರಿದ್ದರಂತೆ. ಬೆಳೆದು ದೊಡ್ಡದಾಗಿದ್ದ ಆ ಕುರುಡು ಕರುವನ್ನು ಮಾತ್ರ ಯಾರಿಗೂ ಕೊಡದೆ, ಹುಲ್ಲು ಚೆನ್ನಾಗಿದೆಯೆಂದು ತವರಿನ ಹೊಲಕ್ಕೆ ಬಿಟ್ಟು ಬಂದರಂತೆ.

ತವರು ಯಾವ ಊರೆಂದು ಕೇಳಿದೆ. ಅಂಗಡಿಯವರಿಗೆ ಗೊತ್ತಿರಲಿಲ್ಲ.