ಅಂಗಳದ ಬೂಷ್ಟು

ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದಾಗ, ಕ್ವಾರ್ಟರ್ಸಿನ ಮುಂದೆ ಹುಲ್ಲುಹಾಸು ಬೆಳೆಸಲು ಹಟ ಹಿಡಿದೆ. ಮಣ್ಣಿನಲ್ಲಿ ಬಿಳಿ ಬೂಷ್ಟು ಹರಡಿತ್ತು. ಅಗೆದು, ಸುಣ್ಣ ಬೆರೆಸಿ, ಬಿಸಿಲಿಗೆ ಬಿಟ್ಟೆ. ಹೊಳೆದಂಡೆಯಿಂದ ತಂದ ಗರಿಕೆಯನ್ನು, ಮಣ್ಣು ಒಣಗಿದ ಮೇಲೆ ನೆಡೋಣವೆಂದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. ಆದರೆ ಅವ್ವ ದಿನಾ ನಾನೇಳುವಷ್ಟರಲ್ಲಿ ಅಂಗಳಕ್ಕೆಲ್ಲ ಸಗಣಿನೀರು ಎರಚಿರುತ್ತಿದ್ದಳು. ಮಣ್ಣು ಮತ್ತೆ ಒದ್ದೆ, ಮತ್ತೆ ಬೂಷ್ಟು.

“ಒಂದ್ ವಾರ ನಿಲ್ಸವ್ವ,” ಎಂದು ರೇಗಿದೆ.

“ಬಾಗ್ಲಿಗೆ ನೀರಾಕ್ದೆ ಇರಕ್ಕೆ ಇದೇನ್ ಸೂತಕದ್ ಮನೆಯೇನ್ಲಾ?”

ಗುದ್ದಲಿ ಬಿಸುಟು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಗೋಣಿ ಖಾಲಿಯಾಗಿತ್ತು. ಹಿತ್ತಿಲಲ್ಲಿ ನಮ್ಮ ಹಸು ಗರಿಕೆ ಮೆಲ್ಲುತ್ತಿತ್ತು.

“ಸುಮ್ಕೆ ಒಣಗೋಯ್ತಿತ್ತು ಕಣಪ್ಪ. ಅದಾದ್ರೂ ತಿನ್ಲಿ ಬುಡು,” ಎಂದಳು ಅವ್ವ.

ಖಾಲಿ ಗೋಣಿ ಮಡಚಿಟ್ಟು ಒಳಗೆ ಹೋದೆ. ಆ ಅಂಗಳಕ್ಕೆ ಮತ್ತೆ ಗರಿಕೆ ತರಲಿಲ್ಲ.