ಪೈಪಿನ ಬೆನ್ನು ಸವರುವ ಬೆರಳು

ಹೋಸ್‌ಪೈಪು ಒಮ್ಮೆ ಕೆಮ್ಮಿ, ಹಾವಿನಂತೆ ಹೊರಳಿ, ಕಂಕುಳಿಗೆ ಒದೆಯುತ್ತದೆ. ಒದೆ ತಿಂದೇ ಅವಳು ಅದನ್ನು ಅದುಮಿ ಹಿಡಿದು ನೀರಿನ ರಭಸವನ್ನು ಸುರಂಗದ ಚಾವಣಿಗೆ ತಿರುಗಿಸುತ್ತಾಳೆ. ಕರಿ ಬಂಡೆಯಿಂದ ಕೆಸರು ಇಳಿಯುತ್ತದೆ; ಹೆಲ್ಮೆಟ್ಟಿನ ಮೇಲೆ, ಹೆಗಲ ಮೇಲೆ, ಅಂಗಿಯ ಕಾಲರಿನೊಳಗೆ. ಮೇಲೆ ಬೆಳಗಾಗುತ್ತಿರಬೇಕು. ನೆಲದಡಿಯ ಈ ಗಣಿಯಲ್ಲಿ ಬೆಳಗೆಂದರೆ ಪಾಳಿ ಮುಗಿಯುವ ಮುನ್ನ ಬಂಡೆ ಸಿಡಿಸುವ ಹೊತ್ತು, ಅಷ್ಟೆ.

"ಅತ್ತಿಗೇ, ಗೋಡೆಗೆ ಸ್ನಾನ ಮಾಡಿಸ್ತಿದೀರೋ, ಮದುವೆಗೆ ತಯಾರು ಮಾಡ್ತಿದೀರೋ?" ಬಂಡೆಯ ತೂತುಗಳಿಗೆ ಮದ್ದು ತುಂಬಿ ಕೂತಿರುವ ಮೈದುನ ಕೂಗುತ್ತಾನೆ.

"ಮೊದಲು ನಿನ್ನನ್ನ ಹಿಡಿದು ತೊಳೀಬೇಕು. ಆಚೆ ನಿಂತ್ಕೋ."

ಮೈದುನನಿಗೆ ಅತ್ತಿಗೆ, ಉಳಿದವರಿಗೆಲ್ಲ ನೀರಕ್ಕ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರು ಲೋಕದ ತುಂಬ ಇದ್ದಾರೆ. ಬೀಳುವ ಮೊದಲೇ ನೀರು ಹೊರುವವಳು ಈ ಗಣಿಯಲ್ಲಿ ಇವಳೊಬ್ಬಳು.

ಇಲ್ಲಿನ ಬಂಡೆ ಪದರ ಪದರ. ಯಾವುದೋ ಕಾಲದಲ್ಲಿ ಕರಗಿದ ಕಲ್ಲು ನೆಲದಡಿ ಮಡುಗಟ್ಟಿ, ನಿಧಾನವಾಗಿ ಆರುತ್ತ, ಭಾರವಾದುದನ್ನು ತಳಕ್ಕೆ ಬಿಟ್ಟಿದೆ, ಎಣ್ಣೆ ಡಬ್ಬಿಯ ಗಸಿಯ ಹಾಗೆ. ಕಪ್ಪು ಪದರಗಳ ಬುಡದಲ್ಲಿ ಗಂಧಕದೊಡನೆ ಬೆಸೆದುಕೊಂಡ ಕಬ್ಬಿಣ, ನಿಕ್ಕಲ್, ತಾಮ್ರ ಹಿತ್ತಾಳೆ ಬಣ್ಣದಲ್ಲಿ ಹೊಳೆಯುತ್ತವೆ. ಸಲ್ಫೈಡ್ ಎನ್ನುತ್ತಾರೆ. ಗಣಿ ಇರುವುದೇ ಅದಕ್ಕಾಗಿ. ಗಟ್ಟಿಯಾಗಿರುವಾಗ ಅದು ಸಾಧು ಪ್ರಾಣಿ. ಪುಡಿಯಾಗಿ ಗೋಡೆಗೆ ಅಂಟಿ ಕೂತರೆ ಮಾತ್ರ, ಬಂಡೆ ಸಿಡಿದ ರಭಸಕ್ಕೆ ಗಾಳಿಗೆದ್ದು ಹೊತ್ತಿಕೊಳ್ಳುತ್ತದೆ. ಇಡೀ ಸುರಂಗವೇ ಬೆಂಕಿಯ ಕೊಳವೆಯಾಗುತ್ತದೆ. ಬೆಂಕಿಯಿಂದ ತಪ್ಪಿಸಿಕೊಂಡವರನ್ನು ಗಂಧಕದ ಹೊಗೆ ವಿಚಾರಿಸಿಕೊಳ್ಳುತ್ತದೆ.

ಅವಳ ಗಂಡ ತಿರುವಿನಾಚೆ ಕಾವಲಿಗೆ ನಿಂತಿದ್ದ. ಸುರಕ್ಷಿತವೆಂದು ಬಣ್ಣ ಬಳಿದು ಗುರುತಿಟ್ಟ ಜಾಗ. ಅಂದು ಗೋಡೆ ತೊಳೆದಿದ್ದರು, ಚಾವಣಿ ತೊಳೆದಿದ್ದರು. ಎತ್ತರದಲ್ಲಿ ಹಾದುಹೋಗುವ ಗಾಳಿಯ ಪೈಪು ಕೆಳಗಿನಿಂದ ನೋಡಿದರೆ ತೊಟ್ಟಿಕ್ಕುತ್ತಿತ್ತು. ಅದರ ಬೆನ್ನ ಮೇಲೆ ಒಣ ಪುಡಿ ಬೆರಳು ದಪ್ಪ ಕೂತಿದ್ದು ಯಾರಿಗೂ ಕಾಣಲಿಲ್ಲ. ಬೆಂಕಿ ತಿರುವನ್ನೂ ಸುತ್ತಿ ಬಂತು.

"ಬೂಟು ನೋಡಿ ಗುರುತು ಹಿಡಿದೆ," ಎನ್ನುತ್ತಾಳೆ. "ಹೊಲಿಗೆ ನಂದಾಗಿತ್ತು."

ಆಮೇಲೆ ಈ ಕೆಲಸ ಕೊಟ್ಟರು. ತೊಳೆದಾದ ಮೇಲೆ ಅವಳು ಏಣಿ ಹತ್ತಿ, ಕೈಗವಸು ಕಳಚಿ, ಪೈಪಿನ ಬೆನ್ನನ್ನು ಬರಿ ಬೆರಳಲ್ಲಿ ಸವರುತ್ತ ಹೋಗುತ್ತಾಳೆ. ಒಣಪುಡಿ ಅಂಟಿದರೆ ಮತ್ತೆ ನೀರು. ಬೆರಳು ಚೊಕ್ಕವಾಗಿ ಬಂದರೆ ಇಳಿದು ತನ್ನ ತಾಮ್ರದ ಬಿಲ್ಲೆಯನ್ನು ಗೋಡೆಯ ಕೊಂಡಿಗೆ ತೂಗುಹಾಕುತ್ತಾಳೆ. ಬಿಲ್ಲೆ ತೂಗುವ ತನಕ ಮೈದುನ ಮದ್ದು ಸಿಡಿಸುವ ತಂತಿ ಜೋಡಿಸುವಂತಿಲ್ಲ.

"ಕೈಗವಸು ಸುಳ್ಳು ಹೇಳುತ್ತೆ. ಚರ್ಮ ಹೇಳಲ್ಲ."

ಚರ್ಮ ಅದರ ದಂಡ ತೆತ್ತಿದೆ. ಗಂಧಕ ಬೆರೆತ ಹುಳಿ ನೀರಿಗೆ ಬೆರಳ ತುದಿಗಳು ಸೀಳಿವೆ. ಮಂಡಿ ಏಣಿಯನ್ನು ಕಂಡರೇ ಮುನಿಯುತ್ತದೆ. ಮನೆಯ ಬಾಗಿಲು ದಾಟಿದೊಡನೆ ಕಣ್ಣು ಕಾಣದ ಅತ್ತೆ ಅವಳ ತಲೆ ಮೂಸುತ್ತಾಳೆ. "ಗೀರಿದ ಬೆಂಕಿಕಡ್ಡಿ ವಾಸನೆ. ನನ್ನ ಮಗ ಬಂದ ಅಂದ್ಕೊಂಡೆ ಕಣೇ."

ಅವಳು ಕೇಳಿದ್ದು ಒಂದೇ: ಗಣಿಯ ಬಾಯಲ್ಲಿ, ಕೆಳಗಿಳಿಯುವವರಿಗೆ ದೀಪ ಕೊಡುವ ಕೋಣೆಯ ಕೆಲಸ. "ಅಲ್ಲಿ ಕುರ್ಚಿ ಇದೆ, ಕಿಟಕಿ ಇದೆ. ಸೂರ್ಯ ಹುಟ್ಟೋದು ನೋಡಿ ಯಾವ ಕಾಲವಾಯ್ತೋ! ನಾನು ಮೇಲೆ ಬರೋಷ್ಟರಲ್ಲಿ ಅವನು ಎದ್ದು ಮುಖ ತೊಳ್ಕೊಂಡು ಕೂತಿರ್ತಾನೆ." ಪ್ರತಿ ವರ್ಷ ಕೇಳುತ್ತಾಳೆ. ಪ್ರತಿ ವರ್ಷ ಮೇಸ್ತ್ರಿ "ನೋಡೋಣ" ಎನ್ನುತ್ತಾನೆ.

ಇಂದು ನೀರು ನಡುವೆಯೇ ಸಾಯುತ್ತದೆ. ಎಲ್ಲೋ ಪಂಪು ಕೆಟ್ಟಿದೆ. ಗೋಡೆ ಮುಗಿದಿದೆ, ಚಾವಣಿ ಮುಗಿದಿದೆ, ಗಾಳಿಯ ಪೈಪು ಅರ್ಧ ಉಳಿದಿದೆ. ಮೇಸ್ತ್ರಿ ಕೆಸರು ತುಳಿಯುತ್ತ ಬರುತ್ತಾನೆ.

"ಬಿಲ್ಲೆ ಹಾಕಿ ನೀರಕ್ಕ, ಹೊತ್ತಾಯ್ತು."

"ಪೈಪು ಒಣಗಿದೆ."

"ಪಂಪು ಸರಿಯಾಗೋಕೆ ಮಧ್ಯಾಹ್ನ ಆಗುತ್ತೆ. ಪೈಪಿನ ಬೆನ್ನು ಕಾಯ್ತಾ ಕೂತರೆ ಮೇಲಿನೋರು ನನ್ನ ಬೆನ್ನು ಮುರೀತಾರೆ."

ಅವಳು ಏಣಿ ಹತ್ತುತ್ತಾಳೆ. ನೀರು ತಲುಪದ ಕಡೆ ಬೆರಳು ಎಳೆದು ಹಣೆಯ ದೀಪಕ್ಕೆ ಹಿಡಿಯುತ್ತಾಳೆ. ಕಪ್ಪು. ಕಪ್ಪಿನೊಳಗೆ ಹಿತ್ತಾಳೆಯ ಸಣ್ಣ ಮಿನುಗು. ಕೆಳಗೆ ಮೈದುನ ತಂತಿಯ ಸುರುಳಿ ಹಿಡಿದು ನಿಂತಿದ್ದಾನೆ. ಈಗ ಅವನ ಬಾಯಲ್ಲಿ ತಮಾಷೆಯಿಲ್ಲ. ಅಣ್ಣ ನಿಂತಿದ್ದಂಥದೇ ತಿರುವಿನಾಚೆ ಅವನು ಹೋಗಿ ನಿಲ್ಲಬೇಕು.

ಮೇಸ್ತ್ರಿ ದನಿ ತಗ್ಗಿಸುತ್ತಾನೆ. "ಸೋಮವಾರದಿಂದ ದೀಪದ ಕೋಣೆ ನಿಮ್ಮದೇ. ನನ್ನ ಮಕ್ಕಳಾಣೆ. ಇವತ್ತೊಂದು ಬಿಲ್ಲೆ ಹಾಕ್ಬಿಡಿ."

ಅವಳು ಇಳಿದು, ಬಿಲ್ಲೆಯನ್ನು ಜೇಬಿಗೆ ಹಾಕಿ, ಗುಂಡಿ ಹಾಕಿಕೊಳ್ಳುತ್ತಾಳೆ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಾಳೆ, ನೀರಿಗೆ ಕಾಯುವವಳ ಹಾಗೆ.

"ಕಿಟಕಿ ಪೂರ್ವಕ್ಕಿದೆ ನೀರಕ್ಕ."

"ಬೇಡ."