ಓರೆಯಾಗಿ ಕೊಯ್ದ ಗಂಟು

ನಮ್ಮ ಚಿಕ್ಕಮ್ಮ ಡಾಕ್ಟರು, ಆದರೆ ಒಬ್ಬ ರೋಗಿಯ ನಾಡಿಯನ್ನೂ ಹಿಡಿದವಳಲ್ಲ. ಆಸ್ಪತ್ರೆಯ ಹಿಂಭಾಗದ ಲ್ಯಾಬಿನಲ್ಲಿ ಕೂತು, ಜನರ ಮೈಯಿಂದ ತೆಗೆದ ಗಂಟುಗಳ ತೆಳು ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವಳ ಕಸುಬು. ಮನೆಯಲ್ಲಿ ಅವಳಿಗೆ ‘ಗಂಟಿನ ಡಾಕ್ಟರು’ ಅಂತಲೇ ಹೆಸರು. ಸಿಟ್ಟು ಮೂಗಿನ ತುದಿಯಲ್ಲಿ. ಯಾರಾದರೂ ‘ಕ್ಯಾನ್ಸರ್ ಅಂದ್ರೆ ಕಥೆ ಮುಗೀತು’ ಅಂದರೆ ಸಾಕು, ಕೈಲಿದ್ದ ಲೋಟ ಕುಕ್ಕಿ ಶುರು ಮಾಡುತ್ತಿದ್ದಳು.

“ಯಾವ ಕ್ಯಾನ್ಸರ್? ಕೆಲವು ಗಂಟು ಬೆಳೆಯುತ್ತೆ, ಆದ್ರೆ ಜಾಗ ಬಿಟ್ಟು ಕದಲಲ್ಲ. ಅದು ಕ್ಯಾನ್ಸರೇ ಅಲ್ಲ. ಸಾಕು ನಿಲ್ಲಿಸು ಅಂದ್ರೂ ಕೇಳದೆ ಹೆಚ್ಚಿ, ಪಕ್ಕದ ಜಾಗಕ್ಕೆ ನುಗ್ಗೋಕೆ ಹೊರಡೋದು ಕ್ಯಾನ್ಸರ್. ಅದೂ ಎಲ್ಲಿ ಹುಟ್ತು ಅಂತ ನೋಡ್ಬೇಕು. ಚರ್ಮ, ಗ್ರಂಥೀಲಿ ಹುಟ್ಟಿದ್ರೆ ಕಾರ್ಸಿನೋಮ. ಮೂಳೆ, ಮಾಂಸಖಂಡದಲ್ಲಾದ್ರೆ ಸಾರ್ಕೋಮ. ರಕ್ತದ್ದೇ ಬೇರೆ. ಎಷ್ಟು ಕೆಟ್ಟಿದೆ, ಎಲ್ಲೀವರೆಗೆ ಹೋಗಿದೆ, ಅದು ಇನ್ನೊಂದು ಲೆಕ್ಕ. ಎಲ್ಲಾನೂ ಒಂದೇ ತಕ್ಕಡೀಲಿ ತೂಗ್ತೀರಲ್ರೀ!”

ಈ ಬಾಯಿ ಕಟ್ಟಿಹೋದದ್ದು ನಮ್ಮಮ್ಮನ ಎದೆಯ ಗಂಟು ಆಪರೇಷನ್ ಆಗಿ ಅದೇ ಲ್ಯಾಬಿಗೆ ಬಂದ ದಿನ. ಸ್ವಂತದವರ ಸ್ಲೈಡ್ ಮುಟ್ಟಬಾರದು ಅನ್ನುವುದು ಅಲ್ಲಿನ ಕಟ್ಟುಪಾಡು. ಚಿಕ್ಕಮ್ಮ ತಡೆಯಲಾರದೆ ಮುಟ್ಟಿದಳು. ಹಾಲಿನ ನಾಳದೊಳಗೆ ಅಂಕೆ ತಪ್ಪಿ ಬೆಳೆದ ಜೀವಕೋಶಗಳು. ಮೊದಲ ಹಂತದ ಕ್ಯಾನ್ಸರೇ. ಅಷ್ಟಾದರೆ ತಡೆದುಕೊಳ್ಳುತ್ತಿದ್ದಳು. ಒಂದು ಕಡೆ ಅವು ನಾಳದ ಗೋಡೆ ಒಡೆದು ಹೊರಬಿದ್ದಂತೆ ಕಂಡಿತು. ಹೊರಬಿದ್ದರೆ ರಕ್ತದ ದಾರಿ ಹಿಡಿದು ಮೈಯೆಲ್ಲ ಸುತ್ತಬಲ್ಲವು. ಅವಳು ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದಳು.

ಜೊತೆಗೆ ಕೆಲಸ ಮಾಡುವ ಹಿರಿಯ ಡಾಕ್ಟರು ಬಂದು ಗದರಿದರು. “ಏಳಮ್ಮ ಅಲ್ಲಿಂದ!” ತಾವೇ ಕೂತು ನೋಡಿದರು. “ನಂಗೇನೋ ಇದು ಓರೆಯಾಗಿ ಕೊಯ್ದಿರೋ ಚೂರು ಅನ್ಸುತ್ತೆ. ಓರೆ ಕೊಯ್ದ್ರೆ ನೆಟ್ಟಗಿರೋ ಗೋಡೇನೂ ಒಡೆದ ಹಾಗೆ ಕಾಣುತ್ತೆ. ಕಲಿಯೋಕೆ ಬರೋ ಹುಡುಗರಿಗೆ ದಿನಾ ಇದನ್ನೇ ಹೇಳಿ ಬೈತೀಯಲ್ಲ, ಇವತ್ತು ನೀನೇ ಹಳ್ಳಕ್ಕೆ ಬಿದ್ಯಾ?”

ಅದೇ ಗಂಟಿನಿಂದ ಇನ್ನೂ ಆಳದ ಚೂರುಗಳನ್ನು ಕೊಯ್ಯಿಸಿ, ಗೋಡೆಯ ಜೀವಕೋಶಗಳಿಗೆ ಮಾತ್ರ ಹಿಡಿಯುವ ಬಣ್ಣ ಹಾಕಿಸಿದರು. ಅದು ಕೈಗೆ ಬರಲು ಎರಡು ದಿನ. ಬಂದಾಗ ನಾಳದ ಸುತ್ತ ಆ ಬಣ್ಣದ ಕಂದು ಗೆರೆ ಎಲ್ಲೂ ಕಡಿದಿರಲಿಲ್ಲ; ಗೋಡೆ ಒಡೆದಿರಲಿಲ್ಲ. ತೆಗೆದ ಗಂಟಿನ ಅಂಚುಗಳಲ್ಲೂ ಕ್ಯಾನ್ಸರಿನ ಜೀವಕೋಶ ಇರಲಿಲ್ಲ.

ಚಿಕ್ಕಮ್ಮ ನೇರ ನಮ್ಮ ಮನೆಗೆ ಬಂದಳು. ಅಮ್ಮ ಬಟ್ಟೆ ಮಡಿಸುತ್ತಿದ್ದಳು.

“ಕ್ಯಾನ್ಸರೇ ಅಕ್ಕ. ಆದ್ರೆ ಹುಟ್ಟಿದ ಮನೆಯ ಹೊಸಿಲು ದಾಟಿಲ್ಲ. ಪೂರ್ತಿ ತೆಗೆದಾಗಿದೆ. ಸ್ವಲ್ಪ ರೇಡಿಯೇಷನ್ ಕೊಡ್ತಾರೆ, ಅಷ್ಟೆ. ಇದರಿಂದ ನೀನು ಸಾಯಲ್ಲ.”

“ಹಾಗಾದ್ರೆ ನೀನ್ಯಾಕೆ ಅಳ್ತೀಯೇ?”

“ಎರಡು ದಿನ ನೀನಿಲ್ಲದೆ ಬದುಕಿ ನೋಡ್ದೆ ಅಕ್ಕ. ನನ್ನ ಕೈಲಿ ಆಗಲಿಲ್ಲ.”